ಇಲ್ಲದ ಗೇಟು

ಬೇಲೂರು, ಹಳೇಬೀಡು ನೋಡಲು ಬರುವವರು ಅರಸೀಕೆರೆಯಲ್ಲಿ ರೈಲು ಇಳಿದು ನೇರವಾಗಿ ಬಸ್‌ಸ್ಟ್ಯಾಂಡಿಗೆ ನಡೆಯುತ್ತಾರೆ. ನಮ್ಮ ಶಿವಾಲಯದ ನಕ್ಷತ್ರದಾಕಾರದ ಮಂಟಪವನ್ನು ಹುಡುಕಿಕೊಂಡು ಹೋಗುವವರು ಕಡಿಮೆ. ಆ ಹೊಟ್ಟೆಕಿಚ್ಚಿನಿಂದಲೇ ಇರಬೇಕು, ಶಾಲೆಯ ಸ್ಮರಣ ಸಂಚಿಕೆಗೆ ಊರಿನ ಬಗ್ಗೆ ಬರೆದುಕೊಡಿ ಎಂದಾಗ ಒಪ್ಪಿಕೊಂಡೆ. ರಾಣಿಯ ಹೆಸರು ಹೊತ್ತ ಕೆರೆ, ಜಂಕ್ಷನ್ನು, ಕೊಬ್ಬರಿ ಮಂಡಿ ಎಲ್ಲ ಸಲೀಸಾಗಿ ಬಂದವು. ಕೊನೆಗೆ ರೈಲ್ವೆ ಗೇಟು.

ಗೇಟಿನ ಬಳಿ ನಾನು ಅಪ್ಪನ ಹೆಗಲ ಮೇಲೆ ಕೂತು ಹೊಗೆ ಉಗುಳುವ ಇಂಜಿನ್ ನೋಡಿದೆ ಎಂದು ಬರೆದೆ. ಕೊಬ್ಬರಿ ವ್ಯಾಪಾರಿಯಾಗಿದ್ದ ಅಪ್ಪ ಮಕ್ಕಳನ್ನು ಎತ್ತಿ ಆಡಿಸಿದವರಲ್ಲ. ಅವರು ನನ್ನನ್ನು ಮುಟ್ಟಿದ ನೆನಪು ಇದೊಂದೇ. ಇಷ್ಟು ಬೇಕಾದ ನೆನಪನ್ನು ನಂಬುವುದು ಹೇಗೆ? ಹಳೇಬೀಡಿನಲ್ಲಿರುವ ಅಕ್ಕನಿಗೆ ಓದಿ ಹೇಳಲು ಹೋದೆ.

ಅಕ್ಕ ಅವರೆಕಾಯಿ ಸುಲಿಯುತ್ತಾ ಕೇಳಿ ನಕ್ಕಳು. "ಲೋ, ನೀನ್ ಹುಟ್ಟೋ ಹೊತ್ಗೆ ಗೇಟೇ ಇರ್ಲಿಲ್ಲ ಕಣೋ. ಕಿತ್ತಾಕಿ ಸೇತುವೆ ಕಟ್ಟಿದ್ರು."

"ಎಲ್ರೂ ಗೇಟ್ ಹತ್ರ ಅಂತಾರಲ್ಲಕ್ಕಾ? ಮೊನ್ನೆ ಆಟೋದವ್ನೂ 'ಗೇಟಿಗಾ ಸಾರ್, ಹತ್ತಿ' ಅಂದ."

"ಅಂತಾರೆ, ನಾನೂ ಅಂತೀನಿ. ಅಂದ್ಬಿಟ್ರೆ ಗೇಟ್ ಎದ್ದು ನಿಂತ್ಕೊಂತದಾ? ಹೆಗಲ ಮೇಲೆ ಕೂತಿದ್ದು ನಾನು. ಅಪ್ಪನ ಬಿಳಿ ಅಂಗಿ ಮಸಿ ಆಗಿ ಅಮ್ಮ ಬೈದಿದ್ದು ನಿಂಗೆ ನೆನಪೈತಾ?"

ಇರಲಿಲ್ಲ. ಇಲ್ಲದ ಗೇಟಿನ ಹೆಸರನ್ನು ಊರು ದಿನವೂ ಹೇಳುತ್ತಿತ್ತು. ಅಕ್ಕ ಆ ಕತೆಯನ್ನು ಎಷ್ಟೋ ಸಲ ಹೇಳಿರಬೇಕು. ಎರಡನ್ನೂ ಸೇರಿಸಿಕೊಂಡು ನಾನು ಹೆಗಲೇರಿಬಿಟ್ಟಿದ್ದೆ.

ನನ್ನ ಮುಖ ನೋಡಿ ಅಕ್ಕನ ದನಿ ಇಳಿಯಿತು. "ಹಂಗೇ ಇರ್ಲಿ ಬಿಡೋ. ನಾನೇನ್ ಯಾರ್ಗಾರ ಹೇಳಕ್ಕೋಯ್ತೀನಾ?"

"ಬೇಡಕ್ಕ."

"ಮತ್ತೆ, ಅಪ್ಪ ನಿನ್ನ ಎತ್ಕೊಂಡೇ ಇಲ್ಲ ಅಂತ ಬರೀತೀಯಾ?"

"ಅದೂ ಗೊತ್ತಿಲ್ವಲ್ಲ. ನಿಂಗೆ ಗೊತ್ತಾ?"

ಅಕ್ಕ ಯೋಚಿಸಿದಳು. "ನಂಗೂ ಗೊತ್ತಿಲ್ಲ ಕಣೋ. ನಾನು ಇಸ್ಕೂಲಿಗೋಗಿರ್ತಿದ್ದೆ."

ವಾಪಸು ಬರುವ ಬಸ್ಸಿನಲ್ಲಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು 'ನಾನು' ಎಂಬುದನ್ನು 'ಅಕ್ಕ' ಎಂದು ತಿದ್ದಿದೆ. ಅದಕ್ಕೆ ತಕ್ಕಂತೆ 'ನೋಡಿದೆ' ಹೋಗಿ 'ನೋಡಿದಳು' ಆಯಿತು. 'ಅಪ್ಪನ ಹೆಗಲ ಮೇಲೆ' ಎಂಬುದನ್ನು ಮಾತ್ರ ತಿದ್ದಬೇಕಾಗಲಿಲ್ಲ.