ಒಂದೂವರೆ ಅಡಿಯ ಕಿಟಕಿ

ಹೊನ್ನಾಳಿ ಸೀಮೆಯಲ್ಲಿ ಅಂಗನವಾಡಿ ಕಟ್ಟುವ ಗಾರೆ ಮೇಸ್ತ್ರಿ ದುರುಗಪ್ಪ ಆರಡಿ ಆಳು. ಕಟ್ಟಿದ್ದನ್ನು ಪರೀಕ್ಷಿಸುವುದು ಮಾತ್ರ ಅಂಬೆಗಾಲಿಕ್ಕಿ. ಮೆಟ್ಟಿಲಂಚಿಗೆ ಕೆನ್ನೆ ಉಜ್ಜುತ್ತಾನೆ, ತರಚಿದರೆ ಮತ್ತೆ ಗಾರೆ ಮೆತ್ತುತ್ತಾನೆ. ಬಾಗಿಲ ಚಿಲಕ ಟೀಚರಮ್ಮನಿಗೇ ಎಟುಕುವುದಿಲ್ಲ. ಕೇಳಿದರೆ, “ಸ್ಟೂಲ್ ಹಾಕ್ಕಳ್ರೀ ಅಕ್ಕಾರೆ, ನಿಮಗೆ ಬುದ್ಧಿ ಐತೆ” ಎನ್ನುತ್ತಾನೆ. ಕಿಟಕಿಗೆ ತಲೆ ತೂರದಂತೆ ಸರಳು ಒತ್ತಾಗಿ ಕೂರಿಸುತ್ತಾನೆ, ಆದರೆ ಕಿಟಕಿಯನ್ನು ನೆಲದಿಂದ ಒಂದೂವರೆ ಅಡಿಗೇ ಇಡುತ್ತಾನೆ. ನಕ್ಷೆಯಲ್ಲಿ ಮೂರಡಿ ಇದೆಯೆಂದು ಇಂಜಿನಿಯರು ಎರಡು ಸಲ ಒಡೆಸಿದರೂ ಮೂರನೇ ಸಲ ಅಲ್ಲೇ ಇಟ್ಟ. “ಅವ್ವ ಕೂಲಿಗೆ ಹೋಗೋದು ಮಗೀಗೆ ಕಾಣಬೇಕ್ರೀ ಸಾಹೇಬ್ರೆ.” ನಾಲೆ ಅಗೆಯುವಲ್ಲಿ ಮಣ್ಣು ಹೊರುತ್ತಿದ್ದ ಅವನ ತಾಯಿ, ಮಗ ಗುಂಡಿಗೆ ಬೀಳದಿರಲೆಂದು ಅವನ ಕಾಲನ್ನು ಜಾಲಿಮರಕ್ಕೆ ಕಟ್ಟಿ ಹೋಗುತ್ತಿದ್ದಳಂತೆ. “ಹಗ್ಗದಿಂದ ಏನೂ ನೋವಾಗ್ತಿರಲಿಲ್ರೀ. ನಾಲೆ ಏರಿ ದಾಟಿದ ಮೇಲೆ ಅವ್ವ ಕಾಣ್ತಿರಲಿಲ್ಲ.”