ಠಾಣೆಗೆ ಹೊರಟ ಹಾಲು

ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ರಂಜನ್, ಜೊತೆಗೆ ದುಡಿಯುವ ಫಿಲಿಪೈನ್ಸ್ ಹುಡುಗಿಯೊಬ್ಬಳನ್ನು ಮದುವೆಯಾಗುತ್ತೇನೆಂದು ಫೋನಿನಲ್ಲಿ ಹೇಳಿದಾಗ ಅವನ ತಾಯಿ ಜಯಲತಾ ಒಲೆ ಆರಿಸಿ ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡಳು. ಆಮೇಲೆ ಕೇಳಿದ್ದು ಜಾತಿಯಲ್ಲ, ಧರ್ಮವಲ್ಲ.

"ಅವಳಿಗೆ ಅನ್ನ ಸೇರುತ್ತದಾ?"

"ಮೂರು ಹೊತ್ತೂ ಅನ್ನವೇ ಅಮ್ಮ. ಜೊತೆಗೆ ಮೀನು."

"ಹಾಗಾದರೆ ಕರಕೊಂಡು ಬಾ."

ಜಯಲತಾ ಕಟಪಾಡಿ ಕಡೆಯವಳು. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದಾಗ ಅವಳಿಗೆ ಬರುತ್ತಿದ್ದುದು ತುಳು, ಶಾಲೆಯಲ್ಲಿ ಕಲಿತ ಕನ್ನಡ, ಅಷ್ಟೆ. ಗಂಡ ಮುಂಡಪ್ಪ ಕಳವಾ ಎಂಬ ಊರಿನಲ್ಲಿ, ರೈಲು ಕಾರ್‌ಶೆಡ್ಡಿನ ಹತ್ತಿರ ಚಿಕ್ಕ ಹೋಟೆಲು ನಡೆಸುತ್ತಿದ್ದ. ಅವನು ಮುಂಜಾನೆ ಹೋದರೆ ಬರುವುದು ಕತ್ತಲಾದ ಮೇಲೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಆದರೆ ಆ ವರ್ಷ ಅವಳ ಅಮ್ಮನೇ ಹಾಸಿಗೆ ಹಿಡಿದಿದ್ದಳು. ಹಾಗಾಗಿ ರಂಜನ್ ಹುಟ್ಟಿದ್ದು ಇಲ್ಲಿಯೇ. ನೋವು ತಡೆಯಲಾಗದೆ ಅವಳು "ಅಪ್ಪೇ, ಅಪ್ಪೇ" ಎಂದು ತುಳುವಿನಲ್ಲಿ ಅಮ್ಮನನ್ನು ಕೂಗುತ್ತಿದ್ದರೆ, ಮರಾಠಿ ನರ್ಸು ಅದು ಗಂಡನ ಹೆಸರೆಂದು ತಿಳಿದು, "ಅಪ್ಪೆ ಯಾರು? ಒಳಗೆ ಬನ್ನಿ" ಎಂದು ಹೊರಗೆ ಹೋಗಿ ಕರೆದಿದ್ದಳಂತೆ. ಜಯಲತಾ ಇದನ್ನು ನಗುತ್ತಲೇ ಹೇಳುತ್ತಿದ್ದಳು. ಆದರೆ ಅವತ್ತು ನಗು ಬಂದಿರಲಿಲ್ಲ.

ಸೊಸೆಯ ಹೆಸರು ಮಾರಿಸೆಲ್. ಬಂದ ಮೊದಲ ದಿನವೇ ಬಂಗುಡೆಯ ಮುಳ್ಳನ್ನು ಎಷ್ಟು ಚೊಕ್ಕವಾಗಿ ಬಿಡಿಸಿದಳೆಂದರೆ ಮುಂಡಪ್ಪ ಹೆಂಡತಿಯ ಕಡೆ ನೋಡಿ ತಲೆದೂಗಿದ. ಅತ್ತೆ ಸೊಸೆ ಮಾತಾಡುತ್ತಿದ್ದುದು ಇಬ್ಬರಿಗೂ ಅರ್ಧಂಬರ್ಧ ಬರುವ ಹಿಂದಿಯಲ್ಲಿ. ಹಿಂದಿ ಮುಗಿದಲ್ಲಿ ಕೈಸನ್ನೆ ಶುರು.

ಗರ್ಭಿಣಿಯಾದ ಮೇಲೆ ಅವಳೂ ತಾಯಿಯ ಮನೆಗೆ ಹೋಗುವುದೆಂದಿತ್ತು. ಟಿಕೆಟ್ ತೆಗೆಯುವ ಹೊತ್ತಿಗೆ ಬಿಪಿ ಏರಿತು. ವಿಮಾನ ಹತ್ತುವುದೇ ಬೇಡವೆಂದರು ಡಾಕ್ಟರು. ರಂಜನ್ ಹಡಗಿಗೆ ಮರಳಲೇಬೇಕಿತ್ತು. ಹೆರಿಗೆಯ ಹೊತ್ತಿಗೆ ಬರುತ್ತೇನೆಂದು ಹೇಳಿ ಹೋದ.

ಮಗು ಅಪ್ಪನನ್ನು ಕಾಯಲಿಲ್ಲ. ೨೦೧೨ರ ಮಳೆಗಾಲ. ಎಂಟು ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಮಾರಿಸೆಲ್‌ಗೆ ತಲೆ ಸಿಡಿಯತೊಡಗಿತು, ಕಣ್ಣು ಮಂಜಾಯಿತು. ಡೊಂಬಿವಲಿಯ ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಪಾಸ್‌ಪೋರ್ಟ್, ವೀಸಾ ಎಂದೆಲ್ಲ ಕೇಳಿದರು. ಜಯಲತಾ ಎಲ್ಲವನ್ನೂ ಚೀಲದಿಂದ ತೆಗೆದು ಮುಂದಿಟ್ಟಳು. ಇವರು ನಿಮಗೆ ಏನಾಗಬೇಕು ಎಂದದ್ದಕ್ಕೆ ಮರಾಠಿಯಲ್ಲಿ, "ಮಾಝೀ ಸೂನ್. ನನ್ನ ಸೊಸೆ. ಮೊದಲು ಒಳಗೆ ತಗೊಳ್ಳಿ," ಎಂದಳು.

ಆಪರೇಷನ್ ಆಯಿತು. ಹೆಣ್ಣು ಮಗು. ಅಂಗೈಗಿಂತ ಸ್ವಲ್ಪ ದೊಡ್ಡದು. ಉಸಿರಾಡಲು ಕಷ್ಟಪಡುತ್ತಿತ್ತು. ಅಷ್ಟು ಸಣ್ಣ ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆ ಅಲ್ಲಿರಲಿಲ್ಲ. ಆಂಬುಲೆನ್ಸಿನಲ್ಲಿ ಮುಂಬೈ ದಾರಿಯ ಠಾಣೆ ನಗರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮುಂಡಪ್ಪ ಜೊತೆಗೆ ಹೋದ.

ಮಾರಿಸೆಲ್‌ಗೆ ಎಚ್ಚರವಾದಾಗ ಪಕ್ಕದ ತೊಟ್ಟಿಲು ಖಾಲಿ. "ಬೇಬಿ ಠಾಣೆ ಗಯಾ," ಎಂದಳು ಆಯಾ. ಅವಳು ಅತ್ತೆಯ ಮುಖ ನೋಡಿದಳು. ಜಯಲತಾ, "ಅಚ್ಛಾ ಹೈ, ಬೇಬಿ ಅಚ್ಛಾ ಹೈ," ಎಂದು ಎಷ್ಟು ಸಲ ಹೇಳಿದರೂ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅಳಲಿಲ್ಲ, ನೀರೂ ಕುಡಿಯಲಿಲ್ಲ. ಜಯಲತಾಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು: ‘ಗಯಾ’ ಅಂದರೆ ಮಗು ತೀರಿಹೋಗಿದೆ, ಎಲ್ಲ ಸೇರಿ ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದುಕೊಂಡಿದ್ದಾಳೆ ಇವಳು.

ಮಾತಿನಿಂದ ಆಗುವ ಕೆಲಸವಲ್ಲ ಇದು ಎಂದು ಜಯಲತಾ ಸೊಸೆಯ ಮೊಬೈಲನ್ನೇ ತೆಗೆದುಕೊಂಡು ಠಾಣೆಗೆ ಹೊರಟಳು.

ಅಲ್ಲಿ ಮಕ್ಕಳ ಡಾಕ್ಟರು ಅನಸೂಯ ಎಂಬ ಮೈಸೂರಿನ ಹೆಂಗಸು. ಜಯಲತಾ ಮರಾಠಿಯಲ್ಲಿ ತಡವರಿಸುವುದನ್ನು ಕೇಳಿ, "ಅಮ್ಮ, ನೀವು ಕನ್ನಡದಲ್ಲೇ ಹೇಳಿ," ಎಂದರು. ಆ ಒಂದು ಮಾತಿಗೆ ಬೆಳಿಗ್ಗೆಯಿಂದ ತಡೆದುಕೊಂಡದ್ದೆಲ್ಲ ಒಡೆದು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಡಾಕ್ಟ್ರೇ, ತಾಯಿಗೆ ಮಗು ಇಲ್ಲ ಅಂತ ಅನ್ನಿಸಿದೆ. ಅವಳ ಭಾಷೆ ನಮಗೆ ಬರುವುದಿಲ್ಲ. ಒಮ್ಮೆ ಇದರಲ್ಲಿ ಹಿಡಿದು ಕೊಡಿ."

ಡಾಕ್ಟರು ತಾವೇ ಒಳಗೆ ಹೋಗಿ ವಿಡಿಯೊ ಮಾಡಿದರು. ಗಾಜಿನ ಪೆಟ್ಟಿಗೆಯೊಳಗೆ ಮೂಗಿಗೆ ನಳಿಕೆ ಹಾಕಿಸಿಕೊಂಡ ಕೂಸು ಸಿಟ್ಟಿನಿಂದ ಕಾಲು ಒದೆಯುತ್ತಿತ್ತು. ಪಕ್ಕದಲ್ಲಿ ನಿಂತು ಅನಸೂಯ ಮಾರಿಸೆಲ್‌ಗೆ ತಿಳಿಯುವ ಇಂಗ್ಲಿಷಿನಲ್ಲಿ ನಿಧಾನವಾಗಿ ಎಲ್ಲ ವಿವರಿಸಿದ್ದರು. ಮೊಬೈಲು ಮರಳಿ ಕೊಡುತ್ತ, "ಇನ್ನೊಂದು ಮಾತು. ಈ ಮಗುವಿಗೆ ತಾಯಿ ಹಾಲಿಗಿಂತ ದೊಡ್ಡ ಔಷಧ ಇಲ್ಲ. ಒಂದು ಚಮಚ ಆದರೂ ಸಾಕು. ಹಿಂಡಿ, ತಣ್ಣಗಿಟ್ಟು ತಂದು ಕೊಡೋಕಾಗುತ್ತಾ?" ಎಂದರು.

"ಆಗದೆ ಏನು? ಡೊಂಬಿವಲಿ ಬಿಡಿ, ಕಾಶಿಯಿಂದ ಬೇಕಾದರೂ ತರ್ತೇನೆ."

ಮಾರಿಸೆಲ್ ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ಮೊದಲ ಸಲ ಅತ್ತಳು, ಗಟ್ಟಿಯಾಗಿ. ಜಯಲತಾ ತಡೆಯಲಿಲ್ಲ.

ಹಾಲು ಬರುವುದು ಮಾತ್ರ ಹೇಳಿದಷ್ಟು ಸುಲಭವಿರಲಿಲ್ಲ. ಹೊಟ್ಟೆಯ ಹೊಲಿಗೆ, ಜ್ವರ, ಮಗುವೂ ಹತ್ತಿರವಿಲ್ಲ. ಕಣ್ಣಿಗೆ ಬಿಡುವ ಮದ್ದಿನಷ್ಟು ನಾಲ್ಕು ಹನಿ. ಮಾರಿಸೆಲ್ ಏನೋ ಒಂದು ಸಾರು ಕೇಳಿದಳು. ಅವಳೂರಿನಲ್ಲಿ ಬಾಣಂತಿಗೆ ಅದನ್ನೇ ಕೊಡುವುದಂತೆ. ಕೋಳಿ, ಶುಂಠಿ, ಕಾಯಿ ಪಪ್ಪಾಯಿ.

"ಪಪ್ಪಾಯಿಯಾ! ಬಾಣಂತಿಗೆ!" ಜಯಲತಾ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಇನ್ನೊಂದು ಸೊಪ್ಪು ಕೂಡ ಬೇಕಿತ್ತು. ಮಾರಿಸೆಲ್ ಹೇಳಿದ ಹೆಸರು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಚಿತ್ರ ಹುಡುಕಿ ತೋರಿಸಿದಾಗ ಮುಂಡಪ್ಪ ಕಣ್ಣು ಕಿರಿದು ಮಾಡಿ ನೋಡಿ, "ಇದು ನಮ್ಮ ನುಗ್ಗೆ ಸೊಪ್ಪಲ್ವಾ! ನಮ್ಮ ಹೋಟೆಲಿನ ಹಿಂದೆಯೇ ಮರ ಉಂಟಲ್ಲ," ಎಂದು ಎದ್ದೇಬಿಟ್ಟ. ಜೀವಮಾನವಿಡೀ ಕಾರ್ಮಿಕರಿಗೆ ಊಟ ಬಡಿಸಿದ ಮನುಷ್ಯ ಅವತ್ತು ಹೋಟೆಲಿಗೆ ಬಾಗಿಲು ಹಾಕಿ, ಸೊಸೆಗೆಂದು ಕೋಳಿ ಸಾರು ಕಾಯಿಸಿ ತಂದ. ಪಪ್ಪಾಯಿಯ ಬದಲು ಸೋರೆಕಾಯಿ ಹಾಕಿದ್ದ. ಮಾರಿಸೆಲ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಳ ಕಾಣುವವರೆಗೆ ಕುಡಿದಳು. ಸಾರಿನಿಂದಲೋ, ಆ ವಿಡಿಯೊದಿಂದಲೋ, ಮರುದಿನ ಪುಟ್ಟ ಸ್ಟೀಲ್ ಬಟ್ಟಲಿನ ತಳ ಮುಚ್ಚುವಷ್ಟು ಹಾಲಾಯಿತು.

ಆಸ್ಪತ್ರೆಯವರು ಕೊಟ್ಟ ಮುಚ್ಚಳದ ಡಬ್ಬಿಯಲ್ಲಿ ಅದನ್ನು ಹಾಕಿ, ಮಂಜುಗಡ್ಡೆ ತುಂಬಿದ ಅಗಲ ಬಾಯಿಯ ಫ್ಲಾಸ್ಕಿನಲ್ಲಿಟ್ಟು, ಫ್ಲಾಸ್ಕನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಜಯಲತಾ ಸ್ಟೇಷನ್ನಿಗೆ ನಡೆದಳು. ಆಫೀಸಿನವರ ಹೊತ್ತು. ಡೊಂಬಿವಲಿಯಲ್ಲಿ ಆ ಹೊತ್ತಿನ ಲೋಕಲ್ ಹತ್ತುವುದೆಂದರೆ ಹತ್ತುವುದಲ್ಲ, ತಳ್ಳಿಸಿಕೊಳ್ಳುವುದು. ಲೇಡೀಸ್ ಬೋಗಿಯ ಬಾಗಿಲಲ್ಲಿ ಸಿಕ್ಕಿಕೊಂಡು ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಒಬ್ಬಳ ಮೊಣಕೈ ತಾಗಿ ಚೀಲ ವಾಲಿತು.

"ಓ ಆಜಿ, ಇಷ್ಟು ಗರ್ದಿಯಲ್ಲಿ ಸಾಮಾನು ಯಾಕೆ ತರ್ತೀರಿ?" ಯಾರೋ ರೇಗಿದರು.

"ಬಾಳಾಚಂ ದೂಧ್ ಆಹೆ!" ಜಯಲತಾ ಕೂಗಿಬಿಟ್ಟಳು. "ಮಗುವಿನ ಹಾಲು. ನನ್ನ ಮೊಮ್ಮಗು ಠಾಣೆಯಲ್ಲಿ ಪೆಟ್ಟಿಗೆಯಲ್ಲುಂಟು. ತಾಯಿ ಇಲ್ಲಿದ್ದಾಳೆ."

ಸೋನಾಲಿ ಎಂಬ ಹುಡುಗಿ, ಬ್ಯಾಂಕಿನ ಗುರುತಿನ ಚೀಟಿ ಕುತ್ತಿಗೆಗೆ ಹಾಕಿಕೊಂಡವಳು, ಕೈ ಚಾಚಿ ಚೀಲ ತೆಗೆದುಕೊಂಡಳು. ಅಲ್ಲಿಂದ ಅದು ತಲೆಗಳ ಮೇಲೆ ಕೈಯಿಂದ ಕೈಗೆ ಹೋಯಿತು. "ಸಾಂಭಾಳ್, ಸಾಂಭಾಳ್," ಜೋಪಾನ ಎನ್ನುತ್ತಿದ್ದರು ಎಲ್ಲರೂ. ಕಿಟಕಿಯ ಪಕ್ಕ ಕೂತಿದ್ದ ಹೆಂಗಸು ಅದನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿಕೊಂಡಳು. ಠಾಣೆ ಬಂದಾಗ ಮೊದಲು ಆಜಿಯನ್ನು ಇಳಿಸಿ, ಆಮೇಲೆ ಚೀಲವನ್ನು ಅವಳ ಕೈಗೆ ಕೊಟ್ಟರು.

ಮರುದಿನದಿಂದ ಸೋನಾಲಿಯ ಗುಂಪು ಪ್ಲಾಟ್‌ಫಾರ್ಮಿನಲ್ಲಿ ಇವಳಿಗಾಗಿ ಕಾಯತೊಡಗಿತು. ರೈಲು ಹೊರಡುವ ಕಲ್ಯಾಣ ಸ್ಟೇಷನ್ನಿನಲ್ಲೇ ಹತ್ತುವವಳೊಬ್ಬಳು ಸೀಟು ಹಿಡಿದಿಡುತ್ತಿದ್ದಳು. "ಆಜಿ, ಇವತ್ತು ಎಷ್ಟು ಹಾಲು?" ಎಂಬುದೇ ಅವರ ಮೊದಲ ಪ್ರಶ್ನೆ. ಬಟ್ಟಲಿನ ಅರ್ಧಕ್ಕೆ ಬಂತು ಎಂದ ದಿನ ಇಡೀ ಬೋಗಿ ಚಪ್ಪಾಳೆ ತಟ್ಟಿತು.

ಮಗುವಿನ ಉಸಿರು ನೆಟ್ಟಗಾಯಿತು. ಒಂದು ಬೆಳಿಗ್ಗೆ ಡಾಕ್ಟರು ಅನಸೂಯ, "ಅಮ್ಮ, ಇವತ್ತು ಮಗುವನ್ನು ಎದೆಗೆ ಹಾಕಿಕೊಂಡು ಕೂರಬೇಕು. ಚರ್ಮಕ್ಕೆ ಚರ್ಮ ತಾಗಬೇಕು, ಆ ಬಿಸಿಗೆ ಬೇಗ ಬೆಳೆಯುತ್ತೆ. ತಾಯಿಗಿನ್ನೂ ಜ್ವರ ಬಿಟ್ಟಿಲ್ಲವಲ್ಲ, ಅಲ್ಲಿವರೆಗೆ ನೀವು ಕೂತ್ಕೊಳ್ಳಿ," ಎಂದರು.

"ನಾನಾ? ಈ ವಯಸ್ಸಿನಲ್ಲಾ?"

"ಎದೆ ಬಿಸಿ ಇದ್ದರಾಯ್ತು. ವಯಸ್ಸು ಯಾರು ಕೇಳ್ತಾರೆ?"

ನಾಚಿಕೆಯಿಂದ ಮುದುಡುತ್ತ ಆಸ್ಪತ್ರೆಯ ಗೌನು ಹಾಕಿಕೊಂಡು ಕುರ್ಚಿಗೆ ಒರಗಿದಳು. ನರ್ಸು ಕೂಸನ್ನು ತಂದು ಎದೆಯ ಮೇಲೆ ಕವುಚಿ ಮಲಗಿಸಿದಳು. ಹಕ್ಕಿಮರಿಯಷ್ಟು ಭಾರ. ಕೂಸು ಒಮ್ಮೆ ಕೊಸರಿ, ಕೆನ್ನೆಯನ್ನು ಅವಳ ಎದೆಯ ಎಲುಬಿಗೆ ಒತ್ತಿ ಸುಮ್ಮನಾಯಿತು. ಜಯಲತಾ ಉಸಿರು ಬಿಡಲೂ ಹೆದರಿದಳು. ಮೂವತ್ತು ವರ್ಷದಿಂದ ಅವಳು ಯಾವ ಕೆಲಸವೂ ಇಲ್ಲದೆ ಅಷ್ಟು ಹೊತ್ತು ಒಂದೇ ಕಡೆ ಕೂತದ್ದಿಲ್ಲ.

ಜ್ವರ ಬಿಟ್ಟ ಮೇಲೆ ಮುಂಡಪ್ಪ ಟ್ಯಾಕ್ಸಿ ಮಾಡಿ ಮಾರಿಸೆಲ್‌ಳನ್ನು ಕರೆತಂದ. ಮಗುವನ್ನು ಎದೆಗೆ ಹಾಕಿದಾಗ ಅವಳು ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳತೊಡಗಿದಳು. ಬಹಳ ಹೊತ್ತು ಹೇಳುತ್ತಲೇ ಇದ್ದಳು. ಯಾರಿಗೂ ಒಂದು ಶಬ್ದ ತಿಳಿಯದಿದ್ದರೂ ನರ್ಸು ಕೂಡ ನಡುವೆ ಬಾಯಿ ಹಾಕಲಿಲ್ಲ.

ರಂಜನ್ ಬಂದಿಳಿದಾಗ ಮಗಳು ಮನೆಗೆ ಬಂದಿದ್ದಳು. ಹೆಸರು ಪ್ರಣೀತಾ ಎಂದಾಯಿತು. ಫಿಲಿಪೈನ್ಸಿನ ಅಜ್ಜಿ ಆ ಹೆಸರು ನಾಲಿಗೆಗೆ ಹೊರಳದೆ ಫೋನಿನಲ್ಲಿ ನೀತಾ ಎಂದು ಕರೆದಳು. ಕಟ್ಟಡದವರಿಗೂ ಅದೇ ಅಭ್ಯಾಸವಾಯಿತು. ರಂಜನ್ ಹಡಗಿನ ಕೆಲಸ ಬಿಟ್ಟು ಅಪ್ಪನ ಹೋಟೆಲಿಗೆ ನಿಂತ. ಭಾನುವಾರಗಳಲ್ಲಿ ಅಲ್ಲಿ ನುಗ್ಗೆ ಸೊಪ್ಪಿನ ಕೋಳಿ ಸಾರು ಸಿಗತೊಡಗಿತು.

ನೀತಾಳಿಗೆ ನಾಲ್ಕು ತುಂಬುವ ಹೊತ್ತಿಗೆ ಮಾರಿಸೆಲ್ ಮತ್ತೆ ಬಸುರಿ. ಈ ಸಲ ಬಿಪಿ ಇರಲಿಲ್ಲ. ಡಾಕ್ಟರು ಪ್ರಯಾಣಕ್ಕೆ ಒಪ್ಪಿದರು. ಜಯಲತಾ, "ಈ ಸಲವಾದರೂ ನಿನ್ನ ತಾಯಿಯ ಹತ್ತಿರ ಹೋಗು ಮಗಾ. ಹೆರುವಾಗ ಪಕ್ಕದಲ್ಲಿ ಅಮ್ಮ ಇರಬೇಕು," ಎಂದಳು. ಈಗ ಅವರ ಮಾತು ಕನ್ನಡ, ತುಳು, ಹಿಂದಿ ಎಲ್ಲ ಕಲಸಿದ್ದು.

"ಹೋಗ್ತೇನೆ," ಎಂದಳು ಮಾರಿಸೆಲ್. "ಆದರೆ ನೀವೂ ಬರಬೇಕು ಅಮ್ಮ."

"ನಾನಾ? ಅಲ್ಲಿ ಯಾರ ಹತ್ತಿರ ಏನು ಮಾತಾಡಲಿ? ನನಗೆ ಒಂದಕ್ಷರ ಬರುವುದಿಲ್ಲ."

"ನಾನು ಕಲಿಸ್ತೇನೆ."

ಆ ವಾರವೇ ಜಯಲತಾ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡು ಬಂದಳು. ಮಧ್ಯಾಹ್ನ ಪಾತ್ರೆ ತೊಳೆಯುತ್ತ ಸೊಸೆ ಕಲಿಸಿದ ಅವಳ ಭಾಷೆಯ ಮಾತುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳುತ್ತಿದ್ದಳು: ನೀರು, ನೋವು, ಅಮ್ಮ. ತಪ್ಪಿದರೆ ಅಡುಗೆಮನೆಯ ಬಾಗಿಲಲ್ಲಿ ಕೂತ ನೀತಾ ತಿದ್ದುತ್ತಿದ್ದಳು.