ಕಾಗದದ ಪಾಲು

ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಗುಂಡಿಗಳಿಗೆ ಕಾಜಾ ಹಾಕಿದ್ದರಿಂದ ಅವಳಿಗೆ ಕಾಜಕ್ಕ ಎಂದೇ ಹೆಸರು ನಿಂತಿತ್ತು. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ. ಹೊಸಬರು ಕಾಜಾ ದೊಡ್ಡದು ಮಾಡಿದರೆ, "ಇದರಲ್ಲಿ ಗುಂಡಿ ನಿಲ್ಲಲ್ಲ ತಾಯಿ, ಎಮ್ಮೆ ದಾಟತ್ತೆ" ಎಂದು ಎಲ್ಲರೆದುರು ಎತ್ತಿ ತೋರಿಸುವಳು. ಎರಡೂ ಕಿಡ್ನಿ ಕೈಕೊಟ್ಟಾಗ ಅವಳನ್ನು ನೋಡಲು ಬಂದವರು ಕಡಿಮೆ. ಬಂದವರಲ್ಲಿ ಕಣ್ಣೀರು ಹಾಕಿದವರು ಇನ್ನೂ ಕಡಿಮೆ.

ಕಿಡ್ನಿ ಕೊಡುತ್ತೇನೆಂದವಳು ತಂಗಿಯೊಬ್ಬಳೇ. ಪರೀಕ್ಷೆಗಳೆಲ್ಲ ಮುಗಿದು ಆಪರೇಷನ್ನಿಗೆ ದಿನವೂ ಗೊತ್ತಾಯಿತು. ತಂಗಿಯದು ಒಂದೇ ಷರತ್ತು: "ಪಥ್ಯ ಮುರಿದೆಯೋ, ನನ್ನ ಕಿಡ್ನಿಯ ಆಸೆ ಬಿಟ್ಟುಬಿಡು. ಚಾಕೊಲೇಟಂತೂ ಮೂಸಿಯೂ ನೋಡಬಾರದು." ಅಷ್ಟಕ್ಕೇ ಬಿಡದೆ ಒಂದು ಡಬ್ಬಿ ಚಾಕೊಲೇಟು ತಂದು ಅಕ್ಕನ ಅಡುಗೆಮನೆಯ ಕಪಾಟಿನಲ್ಲಿಟ್ಟು, ವಾರಕ್ಕೊಮ್ಮೆ ಬಂದು ಮುಚ್ಚಳ ತೆಗೆದು ನೋಡುವಳು. ಡಬ್ಬಿ ಇಟ್ಟ ಹಾಗೇ ಇತ್ತು. "ಪರವಾಗಿಲ್ಲ, ಬುದ್ಧಿ ಬಂದಿದೆ" ಎನ್ನುವಾಗ ತಂಗಿಯ ಮುಖದಲ್ಲಿ ಖುಷಿ ಕಾಣುತ್ತಿರಲಿಲ್ಲ.

ಷರತ್ತಿನ ಬೇರು ಹಳೆಯದು. ಚಿಕ್ಕಂದಿನಲ್ಲಿ ಅಪ್ಪ ಇಬ್ಬರಿಗೆಂದು ತಂದ ಚಾಕೊಲೇಟನ್ನು ಕಾಜಕ್ಕ ತಂಗಿಯ ಎದುರಿಗೇ ಕೂತು ಚೀಪಿ ಮುಗಿಸಿ, ಬಂಗಾರದ ಬಣ್ಣದ ಕಾಗದವನ್ನು ಉಗುರಿನಿಂದ ನೀವಿ ಅವಳ ಅಂಗೈಗೆ ಹಾಕುತ್ತಿದ್ದಳು. "ತಗೋ, ನಿನ್ನ ಪಾಲು." ತಂಗಿ ಅದನ್ನೇ ನೆಕ್ಕುತ್ತಿದ್ದಳು. ಇದನ್ನು ಕಾಜಕ್ಕ ತಂಗಿಯ ಮದುವೆಯಲ್ಲಿ, ಬೀಗರೆದುರಿಗೆ, ನಗೆಯ ಕತೆ ಮಾಡಿ ಹೇಳಿದ್ದಳು.

ಡಯಾಲಿಸಿಸ್ ವಾರ್ಡಿನಲ್ಲೊಂದು ರೂಢಿಯಿತ್ತು. ಯಂತ್ರ ಶುರುವಾದ ಮೊದಲ ಅರ್ಧ ಗಂಟೆ, ಪಥ್ಯದಲ್ಲಿ ಬೇಡವೆಂದದ್ದನ್ನು ಹಿರಿಯ ನರ್ಸಮ್ಮ ಕೆಲವರಿಗೆ ಒಂದು ತುಣುಕು ತಿನ್ನಲು ಬಿಡುತ್ತಿದ್ದರು. ಹೇಗೂ ಯಂತ್ರ ರಕ್ತ ತೊಳೆಯುತ್ತಿದೆಯಲ್ಲ. ಎದುರು ಹಾಸಿಗೆಯ ಮೇಷ್ಟ್ರಿಗೆ ಅರ್ಧ ಬಾಳೆಹಣ್ಣು, ಕಾಜಕ್ಕನಿಗೆ ಉಗುರಿನಷ್ಟು ಚಾಕೊಲೇಟು. ಇದನ್ನು ತಂಗಿಗೆ ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಯಾರಿಗೂ ಲೆಕ್ಕ ಒಪ್ಪಿಸಿ ಬದುಕಿದವಳಲ್ಲ.

ಆಪರೇಷನ್ನಿಗೆ ಒಂಬತ್ತು ದಿನವಿರುವಾಗ ತಂಗಿ ಹೇಳದೆ ಕೇಳದೆ ವಾರ್ಡಿಗೆ ಬಂದಳು. ಕಾಜಕ್ಕನ ಎಡಗೈ ಕೊಳವೆಗಳಿಗೆ ಕಟ್ಟುಬಿದ್ದಿತ್ತು. ಬಲಗೈಯ ತುಣುಕು ಆಗಲೇ ತುಟಿಯ ಹತ್ತಿರವಿತ್ತು.

"ಓಹೋ! ಮನೇಲಿ ಸನ್ಯಾಸ, ಇಲ್ಲಿ ಸಂಸಾರ."

"ಲೇ, ಇದು ಕೇಳಿಯೇ ತಿನ್ನೋದು ಕಣೇ. ಬೇಕಾದ್ರೆ ನರ್ಸಮ್ಮನ್ನ ಕೇಳು."

"ಹೌದಮ್ಮ, ನಾನೇ ತಿನ್ನಿ ಅಂದಿದ್ದು" ಎಂದರು ನರ್ಸಮ್ಮ.

"ನಿಮ್ಮನ್ನ ಕೇಳಿಲ್ಲ ಸಿಸ್ಟರ್. ಮಾತು ಆಗಿದ್ದು ನನಗೂ ಇವಳಿಗೂ."

ಕಾಜಕ್ಕ ತಂಗಿಯ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ. ತಲೆಹೊರೆ ಇಳಿಸಲು ಕಟ್ಟೆ ಸಿಕ್ಕವಳ ನೆಮ್ಮದಿಯಿತ್ತು. ಕಪಾಟಿಗೆ ಡಬ್ಬಿ ಬಂದದ್ದೇಕೆಂದು ಆಗ ತಿಳಿಯಿತು.

"ತಪ್ಪಾಯ್ತು ಕಣೇ." ಹುಟ್ಟಿದಾಗಿನಿಂದ ಯಾರಿಗೂ ಆಡದ ಮಾತು.

"ಯಾವುದಕ್ಕೆ? ಇದಕ್ಕೋ, ಅದಕ್ಕೋ?"

"ಅದು ಅಂದ್ರೆ ಯಾವುದೇ?"

ನಿಜವಾಗಿಯೂ ಅವಳಿಗೆ ತೋಚಿರಲಿಲ್ಲ.

ತಂಗಿ ಹೊದಿಕೆಯ ಮೇಲೆ ಬಿದ್ದಿದ್ದ ಕಾಗದವನ್ನೆತ್ತಿಕೊಂಡಳು. ಅವಸರವಿಲ್ಲದೆ ಉಗುರಿನಿಂದ ನೀವಿ, ಕಟ್ಟುಬಿದ್ದ ಅಂಗೈಯಲ್ಲಿಟ್ಟಳು.

"ತಗೋ, ನಿನ್ನ ಪಾಲು."

ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಹಿಂದೆ ಓಡೋಣವೆಂದರೆ ಯಂತ್ರ ಇನ್ನೂ ಮೂರೂವರೆ ಗಂಟೆ ಬಿಡುವ ಹಾಗಿರಲಿಲ್ಲ. ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

"ತಿನ್ನೋದಾದ್ರೆ ಬೇಗ ತಿನ್ನಿ" ಎಂದರು ನರ್ಸಮ್ಮ, ಗಡಿಯಾರ ನೋಡಿ. "ಇನ್ನು ಎರಡೇ ನಿಮಿಷ."

ಬೆರಳಿಗೆ ಕರಗಿ ಅಂಟಿದ್ದ ಚಾಕೊಲೇಟನ್ನು ಕಾಜಕ್ಕ ತಿಂದಳು. ಆಮೇಲೆ ಕಾಗದವನ್ನೂ ನೆಕ್ಕಿದಳು.